ಬಲದ ದೊನ್ನೆಗೆ ಚಿಮುಕಿಸಿದ ನೀರು

ಹೋದ ತಿಂಗಳು ಒಬ್ಬಳು ಹುಡುಗಿ ಮನೆಗೆ ಬಂದಿದ್ದಳು. ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವ ಕೆಲಸ ಶುರು ಮಾಡಬೇಕಂತೆ. "ಅಜ್ಜಿ, ನಾನು ಯಾವ ಹೂವಿನ ಅಂಗಡಿಯಲ್ಲೂ ಕೆಲಸ ಮಾಡಿದವಳಲ್ಲ. ಅಂಗಡಿ ಅನುಭವ ಇಲ್ಲದೆ ಈ ಕಸುಬಿಗೆ ಇಳಿಯಬಹುದಾ?" ಎಂದು ಕೇಳಿದಳು. ಪಾಪದ ಹುಡುಗಿ, ಅವಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ "ಅಂಗಡಿ ಅನುಭವ" ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಇಳಿಯಬಹುದು ಹುಡುಗಿ. ನಾನು ಹಾಗೇ ಇಳಿದವಳು. ಆದರೆ ಇಳಿದ ಎರಡನೇ ವರ್ಷಕ್ಕೆ, ನನ್ನ ಕೈಯಿಂದಾದ ಒಂದು ತಪ್ಪಿಗೆ, ಧಾರವಾಡಕ್ಕೆ ಹೋಗಿ ಶಾಲೆಯ ಅಕ್ಕೋರಾಗಬೇಕಿದ್ದ ಹುಡುಗಿಯೊಬ್ಬಳ ಓದು ನಿಂತಿತು. ಒಂದೇ ಒಂದು ಮಾತನ್ನು ಗೊತ್ತಿದ್ದವರು ನನಗೆ ಹೇಳಿದ್ದರೆ ಅದು ಆಗುತ್ತಿರಲಿಲ್ಲ. ಮೂವತ್ತು ವರ್ಷ ಮಾಲೆ ಕಟ್ಟಿ ಬಿಟ್ಟೆ, ಬೆರಳುಗಳು ಈಗ ಸೊಟ್ಟಗಾಗಿವೆ, ಆ ಸಿಟ್ಟು ಮಾತ್ರ ಹಾಗೇ ಇದೆ.

ನನ್ನ ತವರು ಬಿಳಗಿ ಕಡೆ, ಗದ್ದೆ ಕೆಲಸದ ಮನೆ. ನಾಲ್ಕನೇ ಇಯತ್ತೆಯವರೆಗೆ ಶಾಲೆಗೆ ಹೋದೆ. ಐವತ್ತಾರನೇ ಇಸವಿಯಲ್ಲಿ ಮದುವೆಯಾಗಿ ಸಿದ್ದಾಪುರ ಪೇಟೆಗೆ ಬಂದೆ. ನಮ್ಮನೆಯವರು ಒಬ್ಬರ ಹೊಲಿಗೆ ಅಂಗಡಿಯಲ್ಲಿ ಮಶಿನ್ ತುಳಿಯುತ್ತಿದ್ದರು. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ದಂಡೆ ಕಟ್ಟುವುದು. ಬಾಳೆನಾರಿನಲ್ಲಿ ಅಬ್ಬಲಿಗೆಯನ್ನೋ ಸೇವಂತಿಗೆಯನ್ನೋ ಒತ್ತೊತ್ತಾಗಿ ನೇಯ್ದು ಜಡೆಗೆ ಮುಡಿಯುವ ಮಾಲೆ ಅದು. ನಾನು ಕಟ್ಟಿದ ದಂಡೆಯಿಂದ ಒಂದು ಹೂ ಎಳೆದು ತೆಗೆಯಲು ಯಾರಿಗೂ ಆಗುತ್ತಿರಲಿಲ್ಲ. ಇದನ್ನೇ ಹೊಟ್ಟೆಪಾಡಿನ ಕೆಲಸ ಮಾಡಿಕೊಳ್ಳುತ್ತೇನೆ ಎಂದಾಗ ನಮ್ಮನೆಯವರು ಬೇಡ ಅನ್ನಲಿಲ್ಲ. ಅಷ್ಟು ಪುಣ್ಯ ಮಾಡಿದ್ದೆ.

ಪೇಟೆಯಲ್ಲಿ ಆಗ ಇದ್ದದ್ದು ಒಂದೇ ಹೂವಿನ ಅಂಗಡಿ. ಹಾವೇರಿ ಕಡೆಯಿಂದ ಬಂದು ನೆಲೆಸಿದ್ದ ಬಸಪ್ಪನವರದು. ತಲೆಮಾರುಗಳಿಂದ ಹೂವಿನ ಕಸುಬಿನವರು. ಅವರ ಎದುರೇ ನಿಂತು ಒಂದು ದಂಡೆ ಕಟ್ಟಿ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದರು.

"ಕೈ ಚಲೋ ಐತಿ ಬಿಡವಾ. ಆದ್ರ ಮನ್ಯಾಗ ದಂಡಿ ಕಟ್ಟೂದು ಬ್ಯಾರೆ, ಕಸುಬು ಮಾಡೂದು ಬ್ಯಾರೆ. ಅಂಗಡ್ಯಾಗ ಕುಂತು ಕೆಲಸ ಕಲತೀಯೇನು?"

"ಇಲ್ಲ. ಅದ್ಕೇ ಕಲೀಲಿಕ್ಕೆ ಬಂದದ್ದು."

"ಅಂಗಡಿ ಕಾಣದಾಕಿನ್ನ ಅಂಗಡ್ಯಾಗ ಹೆಂಗ ಕುಂಡ್ರಿಸಲಿ? ಅದರಾಗ ಹೆಣ್ಮಗಳು. ಮಂದಿ ಏನಂದಾರು? ಹೋಗಿ ಬರ್ರಿ."

ಅಷ್ಟು ಹೊತ್ತು ನೀನು ಎನ್ನುತ್ತಿದ್ದವರು ಕೊನೆಗೆ ಮರ್ಯಾದೆ ಕೊಟ್ಟದ್ದು ನನ್ನನ್ನು ಮೆಟ್ಟಿಲಿಳಿಸುವುದಕ್ಕೆ. ಅಂಗಡಿ ಕಂಡಿಲ್ಲ ಎಂದು ಕಲಿಸುವುದಿಲ್ಲ, ಕಲಿತಿಲ್ಲ ಎಂದು ಅಂಗಡಿಗೆ ಸೇರಿಸುವುದಿಲ್ಲ. ಹಾಗಾದರೆ ಕಲಿಯುವುದು ಎಲ್ಲಿ? ಈ ಪ್ರಶ್ನೆಯನ್ನು ಅವತ್ತು ಅವರ ಮುಖಕ್ಕೇ ಕೇಳಬೇಕಿತ್ತು. ಇಪ್ಪತ್ತು ವರ್ಷದ ಹೆಂಗಸು, ಕಣ್ಣಲ್ಲಿ ನೀರು ತುಂಬಿಕೊಂಡು ಮನೆಗೆ ಬಂದೆ.

ಆಮೇಲೆ ಕದ್ದು ಕಲಿತೆ. ಬಸಪ್ಪನವರ ಅಂಗಡಿಯ ಎದುರಿಗೇ ಒಂದು ಕಿರಾಣಿ ಅಂಗಡಿ ಇತ್ತು. ಬೇಳೆ ಬೆಲ್ಲ ಕೇಳುವ ನೆವದಲ್ಲಿ ಅಲ್ಲಿ ನಿಂತು ಓರೆಗಣ್ಣಿನಿಂದ ನೋಡುತ್ತಿದ್ದೆ. ಅವರು ಬಾಳೆಪಟ್ಟೆಯನ್ನು ನೀರಲ್ಲಿ ಅದ್ದಿ ಅದರೊಳಗೆ ಹೂ ಸುತ್ತಿಡುತ್ತಿದ್ದರು. ಗಳಿಗೆಗೊಮ್ಮೆ ಮಾವಿನೆಲೆಯಲ್ಲಿ ನೀರು ಚಿಮುಕಿಸುತ್ತಿದ್ದರು. ಮನೆಯಲ್ಲಿ ಹಾಗೇ ಮಾಡಿ ನೋಡಿದೆ. ದಂಡೆ ಮರುದಿನವೂ ನಗುತ್ತಿತ್ತು. ಎಲ್ಲ ಗೊತ್ತಾಯಿತು ಎಂದುಕೊಂಡೆ! ಕಣ್ಣಿಗೆ ಕಂಡದ್ದಷ್ಟೇ ನನಗೆ ಬಂದಿತ್ತು, ಯಾವ ಹೂವಿಗೆ ನೀರು ಮುಟ್ಟಿಸಬಾರದು ಎಂಬುದು ರಸ್ತೆಯ ಆಚೆಯಿಂದ ಕಾಣುವ ಸಂಗತಿಯಾಗಿರಲಿಲ್ಲ.

ಮೊದಲ ದೊಡ್ಡ ಕೆಲಸ ಶಿರಸಿಯಿಂದ ಬಂತು. ನಮ್ಮ ಜಿಲ್ಲೆ ಮುಂಬಯಿ ಸರಕಾರದ ಕೈಯಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರು ಕಡೆಯ ಒಬ್ಬ ದೊಡ್ಡ ಸಾಹೇಬರು ಬರುತ್ತಾರೆ ಎಂದು ಸ್ವಾಗತ ಸಮಿತಿ ಮಾಡಿದ್ದರು. ಅಲ್ಲಿಗೆ ಬೇಕಾದ ಬಣ್ಣದ ಬಟ್ಟೆಯ ತೋರಣ ಹೊಲಿಯುವ ಕೆಲಸ ನಮ್ಮನೆಯವರ ಅಂಗಡಿಗೆ ಬಂದಿತ್ತು. ಹಾರ ತುರಾಯಿ ಮಾಡುವವರು ಯಾರಾದರೂ ಇದ್ದಾರಾ ಎಂದು ಸಮಿತಿಯವರು ಕೇಳಿದರಂತೆ, ನಮ್ಮನೆಯವರು ನನ್ನ ಹೆಸರು ಹೇಳಿದರು.

ಸೇವಂತಿಗೆ, ತುಳಸಿ, ನಡುನಡುವೆ ಕೆಂಪು ಗುಲಾಬಿ. ಎಂಥ ಮಾಲೆ ಮಾಡಿದ್ದೆ ಗೊತ್ತಾ! ಸಡಿಲ ಒಂದು ಕಡೆಯೂ ಇಲ್ಲ. ನಮ್ಮನೆಯವರ ತಲೆಗೆ ಟೊಪ್ಪಿಗೆ ಹಾಕಿಸಿ, ಕೊರಳಿಗೆ ಇಳಿಸಿ ಅಳತೆ ನೋಡಿದ್ದೆ. ಎದೆಯವರೆಗೆ ಬಂದು ಚಂದ ಕೂತಿತ್ತು. ನಾನು ಅಲ್ಲಿಯವರೆಗೆ ಕಂಡ ಸಾಹೇಬರೆಲ್ಲ ಟೊಪ್ಪಿಗೆಯವರು. ಮಾಮಲೇದಾರರಿಗೂ ಟೊಪ್ಪಿಗೆ, ಮುಖಂಡರಿಗೂ ಟೊಪ್ಪಿಗೆ. ಮೈಸೂರಿನವರು ಪೇಟ ಸುತ್ತುತ್ತಾರೆ ಎಂದು ನನಗೆ ಯಾರು ಹೇಳಬೇಕಿತ್ತು?

ಸಮಿತಿಯ ಅಧ್ಯಕ್ಷರು ಮಾಲೆ ಎತ್ತಿ ಸಾಹೇಬರ ತಲೆಯ ಮೇಲಿಂದ ಇಳಿಸಿದರು. ಮಾಲೆ ಪೇಟದ ಮೇಲೆ ಕೂತಿತು, ಕೆಳಗೆ ಬರಲಿಲ್ಲ. ಅಧ್ಯಕ್ಷರು ಒತ್ತಿದರು. ನನ್ನ ಮಾಲೆ ಹರಿಯುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಮತ್ತೂ ಒತ್ತಿದರು. ಜರಿಯಂಚಿನ ಆ ಪೇಟ ವಾಲಿ, ಸಾಹೇಬರ ಮೂಗಿನ ಮೇಲಿಂದ ಜಾರಿ, ವೇದಿಕೆಯ ಮೇಲೆ ಬಿತ್ತು. ವಾಲಗದವರು ಊದುವುದನ್ನು ನಿಲ್ಲಿಸಿದರು. ಸಾಹೇಬರು ಒಳ್ಳೆಯವರು, ತಾವೇ ಬಗ್ಗಿ ಎತ್ತಿಕೊಂಡು ನಕ್ಕರು. ಅಧ್ಯಕ್ಷರಿಗೆ ಮಾತ್ರ ನಗು ಬರಲಿಲ್ಲ.

"ಯಾವ ಅಂಗಡಿದು ಇದು?" ಎಂದು ಕೆಳಗಿಳಿದವರೇ ಗದರಿದರು.

"ಅಂಗಡಿ ಇಲ್ಲ. ಸಿದ್ದಾಪುರದ ಒಬ್ಳು ಹೆಂಗ್ಸು ಮನೇಲಿ ಕಟ್ಟಿದ್ದು," ಎಂದರು ಯಾರೋ.

"ಅದ್ಕೇ ಮತ್ತೆ!"

ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ. ಆ "ಅದ್ಕೇ ಮತ್ತೆ" ಈಗಲೂ ಕಿವಿಯಲ್ಲಿದೆ. ವಾರದ ಮೇಲೆ ಬಸಪ್ಪನವರು ಸಿಕ್ಕಿ, ಹೊಟ್ಟೆ ಹಿಡಿದುಕೊಂಡು ನಕ್ಕು, "ಪೇಟಾ ಇದ್ದವರಿಗೆ ಮಾಲಿ ಒಂದು ಮೊಳ ಉದ್ದ ಕಟ್ಟಬೇಕವಾ. ಇಲ್ಲಾಂದ್ರ ಹಿಂದ ಗಂಟು ಬಿಚ್ಚಿ ಇಡಬೇಕು," ಎಂದರು. ಎಲ್ಲ ಆದಮೇಲೆ ಹೇಳುವುದು ಅವರ ಪದ್ಧತಿ. ಅದು ನನಗೆ ಅವತ್ತೇ ಗೊತ್ತಾಗಬೇಕಿತ್ತು. ನೀವಾದರೂ ನೆನಪಿಡಿ, ಮಾಲೆ ಕಟ್ಟುವ ಮೊದಲು ಹೂವಿಗಿಂತ ಮುಂಚೆ ತಲೆ ನೋಡಿ.

ಆ ಪೇಟದ ಸುದ್ದಿಯೇ ಭಾಗೀರಥಿಯನ್ನು ನನ್ನ ಹತ್ತಿರ ಕರೆತಂದದ್ದು. ಸಿದ್ದಾಪುರದಿಂದ ಎರಡು ಮೈಲಿನ ಊರು, ಅಲ್ಲಿಯ ದೇವಸ್ಥಾನದ ಮೊಕ್ತೇಸರರಾದ ಹೆಗಡೆಯವರ ಮಗಳು. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯ ದೇವರಿಗೂ ನನಗೂ ಜಗಳವಿಲ್ಲ. ಹೊಲಿಗೆ ಅಂಗಡಿಗೆ ರವಿಕೆ ಹೊಲಿಸಲು ಬಂದವಳು ಅಲ್ಲಿದ್ದ ನನ್ನನ್ನು ನೋಡಿ, "ಸಾಹೇಬ್ರ ಪೇಟ ಬೀಳ್ಸಿದ್ದು ನೀನೇಯನೇ?" ಎಂದು ಗಟ್ಟಿಯಾಗಿ ನಕ್ಕುಬಿಟ್ಟಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹದಿನೇಳು ವರ್ಷ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಹುಡುಗಿ. ಧಾರವಾಡಕ್ಕೆ ಟ್ರೇನಿಂಗಿಗೆ ಹೋಗಿ ಅಕ್ಕೋರಾಗಿ ಬರುತ್ತೇನೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ವಾರಕ್ಕೊಮ್ಮೆ ದಂಡೆಗೆಂದು ಬಂದು ನನ್ನ ಹಿತ್ತಿಲ ಕಟ್ಟೆಯ ಮೇಲೆ ಕೂತು, ಹಳೆಯ ಪತ್ರಿಕೆಗಳನ್ನು ನನಗೆ ಓದಿ ಹೇಳುತ್ತಿದ್ದಳು.

ಅವರ ದೇವಸ್ಥಾನಕ್ಕೆ ದಿನಾ ಹೂ ಒಯ್ಯುತ್ತಿದ್ದದ್ದು ಬಸಪ್ಪನವರು. ಕಾಲು ಬಾತು ನಡೆಯಲಾಗದೆ ಬಿಟ್ಟರು. ಆ ಕೆಲಸವನ್ನು ನನಗೆ ಕೊಡಿಸಿದವಳು ಭಾಗೀರಥಿಯೇ. ಹೆಗಡೆಯವರು ನನ್ನ ಎದುರೇ, "ಅಂಗಡಿ ಇಪ್ಪವಳಲ್ಲ ಇವಳು, ದೇವರ ಕೆಲಸ ತಿಳಿತ?" ಎಂದು ಅನುಮಾನ ಮಾಡಿದಾಗ ಅವಳು, "ಅಪ್ಪಯ್ಯ, ಹೂ ಕಟ್ಟಲೆ ಕೈ ಬೇಕು, ಅಂಗಡಿ ಎಂತಕೆ?" ಎಂದಳು. ಅಷ್ಟು ಚಂದದ ಮಾತನ್ನು ನನ್ನ ಪರವಾಗಿ ಅದುವರೆಗೆ ಯಾರೂ ಆಡಿರಲಿಲ್ಲ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಹರಿವಾಣದಲ್ಲಿ ಹೂ ಜೋಡಿಸಿಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಇಡುತ್ತಿದ್ದೆ. ಅರ್ಚಕರಾದ ಭಟ್ಟರು ಒಳಗೆ ಒಯ್ಯುತ್ತಿದ್ದರು. ನಾನು ಕಟ್ಟಿದ ಮಾಲೆಗೆ ದೇವರ ಕೊರಳವರೆಗೆ ದಾರಿ ಇತ್ತು, ನನಗೆ ಆ ಮೆಟ್ಟಿಲವರೆಗೆ. ಅದಕ್ಕೂ ಸಿಟ್ಟಿದೆ, ಅದನ್ನು ಇನ್ನೊಮ್ಮೆ ಬರೆದೇನು.

ಅಷ್ಟರಲ್ಲಿ ಮಂಚಿಕೇರಿಯಿಂದ ಒಂದು ಸಂಬಂಧ ಬಂತು. ಮೊದಲ ಹೆಂಡತಿ ತೀರಿಕೊಂಡವರು, ಭಾಗೀರಥಿಗಿಂತ ವಯಸ್ಸಿನಲ್ಲಿ ದುಪ್ಪಟ್ಟು ದೊಡ್ಡವರು, ಅನುಕೂಲಸ್ಥರು. ಮನೆಯ ಹಿರಿಯರಿಗೆಲ್ಲ ಒಪ್ಪಿಗೆ. ಇವಳು ಊಟ ಬಿಟ್ಟು ಕೂತಳು. ಆಗ ಹೆಗಡೆಯವರು, ದೇವರ ಹತ್ತಿರ ಪ್ರಸಾದ ಕೇಳೋಣ, ಅವನು ಹೇಳಿದಂತೆ ಆಗಲಿ ಎಂದರು. ಇವಳೂ ಒಪ್ಪಿದಳು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಅಭಿಷೇಕವಾಗಿ ಒದ್ದೆಯಿರುವ ಮೂರ್ತಿಯ ಬಲಕ್ಕೂ ಎಡಕ್ಕೂ ಹಿಂಗಾರದ, ಎಂದರೆ ಅಡಿಕೆ ಹೂವಿನ, ಎಸಳುಗಳನ್ನು ಹಚ್ಚುತ್ತಾರೆ. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕಾಯುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಒಂದು ಉತ್ತರ, ಎಡದ್ದು ಬಿದ್ದರೆ ಇನ್ನೊಂದು. ಮದುವೆ, ಮನೆ, ಜಗಳ, ಎಲ್ಲ ಹಾಗೇ ತೀರ್ಮಾನವಾಗುತ್ತಿದ್ದವು. ಭಾಗೀರಥಿಗೆ ಬಲ ಎಂದರೆ ಧಾರವಾಡ, ಎಡ ಎಂದರೆ ಮಂಚಿಕೇರಿ.

ಹಿಂದಿನ ದಿನ ಮಧ್ಯಾಹ್ನ ಅವಳು ನನ್ನ ಹಿತ್ತಿಲಿಗೆ ಬಂದು, "ನಾಳೆ ಹೂವು ಚೊಲೋದು ತಾ, ಆತಾ ನಾಗವೇಣಿ," ಎಂದಳು.

ಚೊಲೋದು ತಂದೆ. ಪ್ರಸಾದಕ್ಕೆಂದು ನಾನು ಹೂ ಒಯ್ದದ್ದು ಅದೇ ಮೊದಲು. ಆಗಲೇ ಹೋಗಿ ಎರಡು ಹಿಂಗಾರ ತಂದಿಟ್ಟುಕೊಂಡೆ. ಬಸಪ್ಪನವರು ಪ್ರಸಾದಕ್ಕೆ ಯಾವಾಗಲೂ ಒಂದೇ ದೊನ್ನೆ ತರುತ್ತಿದ್ದರಂತೆ. ನನಗೆ ಹರಿವಾಣದ ನಡುವೆ ಒಂದೇ ದೊನ್ನೆ ಬಡಕಲಾಗಿ ಕಂಡಿತು. ಅಲಂಕಾರದವಳಲ್ಲವೇ ನಾನು! ನಡುವೆ ಮಾಲೆ, ಆಚೆ ಈಚೆ ಒಂದೊಂದು ಬಾಳೆಲೆಯ ದೊನ್ನೆ. ಎಳೆಯದಾದ, ಬೆಣ್ಣೆ ಬಣ್ಣದ ಹಿಂಗಾರವನ್ನು ಬಲದ ದೊನ್ನೆಗೆ ಬಿಡಿಸಿದೆ, ಸಾಧಾರಣದ್ದನ್ನು ಎಡಕ್ಕೆ. ಬಲದ್ದು ಭಾಗೀರಥಿಯ ದೊನ್ನೆ, ಭಟ್ಟರು ಮೂರ್ತಿಯ ಬಲಕ್ಕೆ ಹಚ್ಚುವುದು ಅದರಿಂದಲೇ, ಅದು ಬಾಡಬಾರದು ಎಂದು ಒದ್ದೆ ಬಾಳೆಪಟ್ಟೆ ಸುತ್ತಿ, ದಾರಿಯುದ್ದಕ್ಕೂ ಮಾವಿನೆಲೆಯಲ್ಲಿ ನೀರು ಚಿಮುಕಿಸುತ್ತ ಒಯ್ದೆ. ದೇವರು ಬಲದ್ದನ್ನೇ ಮೆಚ್ಚಲಿ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಭಟ್ಟರು ಹರಿವಾಣ ಎತ್ತಿಕೊಳ್ಳುವಾಗ, "ಅಬ್ಬ, ಇವತ್ತು ಭಾರೀ ಚಂದ ಮಾಡಿದ್ಯಲೆ," ಎಂದರು. ಹಿಗ್ಗಿ ಹೀರೇಕಾಯಿಯಾದೆ.

ಮೆಟ್ಟಿಲ ಮೇಲೆ ಕೂತು ಕಾದೆ. ಒಳಗೆ ಮಂತ್ರ ನಿಂತಿತು. ಆಮೇಲೆ ಭಟ್ಟರ ದನಿ ಕೇಳಿತು: "ಎಡಕ್ಕೆ ಆತು."

ಭಾಗೀರಥಿ ಹೊರಗೆ ಬಂದು, ನನ್ನ ಪಕ್ಕದಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೋದಳು. ನನ್ನ ಕಡೆ ನೋಡಲಿಲ್ಲ. ದೇವರ ಮೇಲೆ ಅವಳಿಗೆ ನಂಬಿಕೆಯಿತ್ತು, ಹಾಗಾಗಿ ಅಳಲೂ ಇಲ್ಲ.

ಮೂರು ದಿನ ಬಿಟ್ಟು ಪೇಟೆಯಲ್ಲಿ ಬಸಪ್ಪನವರು ಕೂಗಿ ಕರೆದರು. ಕಾಲು ಚಾಚಿಕೊಂಡು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು.

"ಪ್ರಸಾದಕ್ಕ ಎರಡು ದೊನ್ನಿ ಇಟ್ಟಿದ್ದೆಂತಲ್ಲವಾ? ನೀರೂ ಹೊಡದಿದ್ದೇನು?"

"ಬಲದ್ದಕ್ಕೆ ಮಾತ್ರ. ಬಾಡಬಾರದು ಹೇಳಿ."

ಅವರು ಹಣೆ ಚಚ್ಚಿಕೊಂಡರು. "ಪ್ರಸಾದದ ಹೂವಿಗೆ ಒಂದ ಹಿಂಗಾರ, ಒಂದ ದೊನ್ನಿ. ಹನಿ ನೀರು ಮುಟ್ಟಿಸಬಾರದು. ಒದ್ದಿ ಎಸಳು ಕಲ್ಲಿಗೆ ಅಂಟಿ ಕುಂತುಬಿಡತೈತಿ, ಒಣಗಿದ್ದು ಮೊದಲು ಬೀಳತೈತಿ. ನಮ್ಮಪ್ಪ ನನಗ ಮೊದಲ ದಿನಾನ ಹೇಳಿದ್ದ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀವು? ದೇವಸ್ಥಾನದ ಕೆಲಸ ನಂಗೆ ಬಂದಿದ್ದು ನಿಮಗೆ ಗೊತ್ತಿತ್ತಲ್ಲ?"

"ನೀ ನನ್ನ ಅಂಗಡ್ಯಾಗ ಇದ್ದೇನು?"

ಇಷ್ಟೇ ಅವರ ಉತ್ತರ. ಕೆಟ್ಟ ಮನುಷ್ಯರಲ್ಲ ಅವರು, ಮುಖವೂ ಬಾಡಿತ್ತು. ಆದರೆ ಹೇಳಬಹುದಾಗಿದ್ದ ಮಾತನ್ನು ಅಂಗಡಿಯ ಗಡಿ ದಾಟಿಸದೆ ಇಟ್ಟುಕೊಂಡರು. ಅದನ್ನು ನಾನು ಯಾವತ್ತೂ ಕ್ಷಮಿಸಿಲ್ಲ, ಈಗ ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಕ್ಷಮಿಸುವುದಿಲ್ಲ.

ಕೇಳಿದ್ದನ್ನು ಕಣ್ಣಾರೆ ನೋಡದೆ ಬಿಡಬಾರದು ಎಂದು ಮನೆಗೆ ಬಂದು ರುಬ್ಬುವ ಗುಂಡನ್ನು ತೊಳೆದು ನಿಲ್ಲಿಸಿದೆ. ಒಂದು ಮಗ್ಗುಲಿಗೆ ನೀರು ಚಿಮುಕಿಸಿದ ಎಸಳು, ಇನ್ನೊಂದು ಮಗ್ಗುಲಿಗೆ ಒಣ ಎಸಳು. ಒಣದ್ದು ಬಿತ್ತು. ಮತ್ತೆ ಹಚ್ಚಿದೆ, ಮತ್ತೆ ಒಣದ್ದೇ. ಮಗ್ಗುಲು ಬದಲಿಸಿದೆ, ಆಗಲೂ ಒಣದ್ದೇ. ಹೇಳಿ ಕಳಿಸಿ ಭಾಗೀರಥಿಯನ್ನು ಕರೆಸಿದೆ. ಹಿತ್ತಿಲಲ್ಲಿ ಆ ಗುಂಡಿನ ಮುಂದೆ ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಅವಳು ತಾನೇ ಹಚ್ಚಿ ನೋಡಿದಳು. ಮೂರನೇ ಸಲ ಎಸಳು ಬಿದ್ದಾಗ ಅವಳ ಕಣ್ಣಿಂದ ಮೊದಲ ಬಾರಿ ನೀರು ಬಂತು.

"ನಾನೇ ಭಾಗಮ್ಮ, ನಾನೇ ನಿಮ್ಮನ್ನ ಹಾಳು ಮಾಡಿದ್ದು," ಎಂದೆ.

"ಎಂತ ಹೇಳ್ತೆ ನೀನು! ಬೇಕು ಹೇಳಿ ಮಾಡಿದ್ಯನೇ? ಬಾ, ಅಪ್ಪಯ್ಯಂಗೆ ಹೇಳನ. ಇನ್ನೊಂದ್ಸಲ ಕೇಳಲಿ."

ಹೋದೆವು. ಹೆಗಡೆಯವರು ಜಗುಲಿಯಲ್ಲಿದ್ದರು, ಭಟ್ಟರೂ ಇದ್ದರು. ನಾನು ಅಂಗಳದಲ್ಲಿ ನಿಂತು ಒಂದೂ ಬಿಡದೆ ಹೇಳಿದೆ. ನನ್ನ ತಪ್ಪು, ನನ್ನ ನೀರು, ಎಂದು ಕೈಮುಗಿದೆ. ಹೆಗಡೆಯವರಿಗೆ ಅರ್ಥವಾಗಿತ್ತು. ಇದು ನನಗೆ ಖಂಡಿತ ಗೊತ್ತು, ಅವರ ಮುಖ ನೋಡಿದವಳು ನಾನು. ಆದರೆ ಮಂಚಿಕೇರಿಗೆ ಆಗಲೇ ಒಪ್ಪಿಗೆಯ ಮಾತು ಹೋಗಿತ್ತು. ಒಂದು ಪ್ರಸಾದ ಸುಳ್ಳೆಂದರೆ ಅಲ್ಲಿಯವರೆಗೆ ಆದ ಪ್ರಸಾದಗಳೆಲ್ಲ ಏನಾಗಬೇಕು?

"ರುಬ್ಬು ಗುಂಡಿಗೆ ದೇವರ ಹಾಂಗೆ ಹೂ ಹಚ್ಚಿದ್ಯಾ?" ಎಂದರು.

"ಪರೀಕ್ಷೆ ಮಾಡ್ಲಿಕ್ಕೆ, ಹೆಗಡೇರೆ..."

"ದೇವರ ಪರೀಕ್ಷೆ ಮಾಡವು ನೀನು?" ಎಂದು ಎದ್ದು ನಿಂತರು. "ಒಂದು ಮಾತಿಗೆ ಒಂದೇ ಸಲ ಕೇಳದು. ಆತು, ಮುಗತ್ತು."

ಭಾಗೀರಥಿ ಏನೋ ಹೇಳಲು ಬಾಯಿ ತೆರೆದಳು. ಅವಳನ್ನು ಒಳಗೆ ಕಳಿಸಿದರು. ನನ್ನ ತಪ್ಪು ಹೂವಿಗೆ ನೀರು ಹೊಡೆದದ್ದಲ್ಲವಂತೆ, ರುಬ್ಬುವ ಗುಂಡಿಗೆ ಹೂ ಹಚ್ಚಿದ್ದಂತೆ! ಅದಕ್ಕೆ ದೇವರಿಗೆ ಹಣ್ಣುಕಾಯಿ ಮಾಡಿಸಿ ತಪ್ಪು ಕಾಣಿಕೆ ಒಪ್ಪಿಸಬೇಕು ಎಂದಾಯಿತು. ಒಪ್ಪಿಸಿದೆ. ಮೆಟ್ಟಿಲ ಹೊರಗೆ ನಿಂತು ತಪ್ಪಾಯಿತು ಎಂದೆ. ಮನಸ್ಸಿನಲ್ಲಿ ಬೈಗುಳವೇ ತುಂಬಿತ್ತು, ದೇವರು ಅದನ್ನೂ ಕೇಳಿಸಿಕೊಂಡಿರಬೇಕು.

ನನ್ನನ್ನು ಕೆಲಸದಿಂದ ಬಿಡಿಸುತ್ತಾರೆ ಎಂದುಕೊಂಡಿದ್ದೆ. ಬಿಡಿಸಲಿಲ್ಲ. ಬಿಡಿಸಿದ್ದರೆ ಯಾಕೆ ಎಂದು ಊರು ಕೇಳುತ್ತಿತ್ತಲ್ಲ! ಬದಲಿಗೆ ಮದುವೆಯ ಮಂಟಪದ ಕೆಲಸವನ್ನೂ ನನಗೇ ವಹಿಸಿದರು. ಬಾಯಿಗೆ ಹೂ ತುರುಕಿದರು ಅನ್ನಿ. ನಾನು ಆ ಕೆಲಸ ಒಪ್ಪಿಕೊಂಡೆ. ಬಸಪ್ಪನವರ ಮೇಲೆ, ಹೆಗಡೆಯವರ ಮೇಲೆ ಇಷ್ಟೊಂದು ಬರೆದೆನಲ್ಲ, ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನಗೆ ನನ್ನ ಮೇಲೇ ಇದೆ. ಒಲ್ಲೆ ಅನ್ನಬೇಕಿತ್ತು. ಕಸುಬು ನಿಂತುಹೋದೀತು ಎಂದು ಹೆದರಿದೆ.

ಮದುವೆಯ ದಿನ ಭಾಗೀರಥಿಯ ಜಡೆಗೆ ದಂಡೆ ಮುಡಿಸಲು ಹೋದೆ. ಸುತ್ತ ಹೆಂಗಸರಿದ್ದರು. ಮುಡಿಸಿ ಮುಗಿದ ಮೇಲೆ ರೂಢಿಯಂತೆ ನೀರಿನ ತಂಬಿಗೆಗೆ ಕೈ ಹಾಕಿದೆ.

"ಅದಕ್ಕೆ ನೀರು ಚಿಮುಕ್ಸಡ, ನಾಗವೇಣಿ," ಎಂದಳು ಮೆಲ್ಲಗೆ. "ಬೇಗ ಬಾಡ್ಲಿ."

ಅಲ್ಲಿಂದ ಮುಂದಿನ ವರ್ಷಗಳಲ್ಲಿ ನನ್ನ ಕೆಲಸ ಬೆಳೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಕಡೆ ಮಂಟಪ ಕಟ್ಟಿದೆ. ಬಾಳೆನಾರು ಹೋಗಿ ನೂಲಿನ ದಾರ ಬಂತು, ದಾರದ ಜೊತೆಗೆ ತಂತಿ ಬಂತು. ತಂತಿಯಲ್ಲಿ ಕಟ್ಟಿದರೆ ಕೆಲಸ ಬೇಗ, ಹೂವಿನ ಕೊರಳು ಮಾತ್ರ ಕತ್ತರಿಸಿಹೋಗುತ್ತದೆ. ಅದಾದ ಮೇಲೆ ಶಿರಸಿಯ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಹೂ ನೇತಾಡತೊಡಗಿತು. ಒಬ್ಬ ಮಹಾರಾಯರು ಮಗನ ಮದುವೆ ಮಂಟಪಕ್ಕೆ ಅದನ್ನೇ ಕಟ್ಟು ಎಂದರು, ನಾಳೆ ತೊಳೆದು ಇಟ್ಟುಕೊಳ್ಳಬಹುದಂತೆ. ಹಾಗಾದರೆ ಹೋಳಿಗೆಯನ್ನೂ ಪ್ಲಾಸ್ಟಿಕ್ಕಿನದೇ ಮಾಡಿಸಿ ಎಂದು ಹೇಳಿ ಬಂದೆ.

ನನ್ನ ಹತ್ತಿರ ಕೆಲಸಕ್ಕೆ ಬಂದ ಹೆಂಗಸರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದೆ. ಪ್ರಸಾದಕ್ಕೆ ಒಂದೇ ಹಿಂಗಾರ, ಒಂದೇ ದೊನ್ನೆ, ನೀರು ಮುಟ್ಟಿಸಬೇಡಿ. ಯಾಕೆ ಎಂಬುದನ್ನೂ ಹೇಳುತ್ತಿದ್ದೆ. ನನ್ನ ಹತ್ತಿರ ಇಲ್ಲದವರಿಗೂ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವರಿಗೂ, ಕೇಳಲಿ ಬಿಡಲಿ, ಹೇಳುತ್ತಿದ್ದೆ.

ಮದುವೆಯಾಗಿ ಎಂಟು ವರ್ಷವಾದ ಮೇಲೆ ಭಾಗೀರಥಿಯ ಕಾರ್ಡು ಬಂತು. ಮಂಚಿಕೇರಿಯಲ್ಲಿ ಚಿಕ್ಕ ಮಕ್ಕಳಿಗೆ ಬಾಲವಾಡಿ ತೆರೆಯುತ್ತಾರಂತೆ, ಮುಲ್ಕಿ ಪಾಸಾದ ಹೆಂಗಸು ಬೇಕಂತೆ. ತಾನು ಹೋಗುತ್ತೇನೆ ಎಂದಿದ್ದಕ್ಕೆ ಮನೆಯಲ್ಲಿ ಒಪ್ಪುತ್ತಿಲ್ಲ, ದೇವರಲ್ಲಿ ಪ್ರಸಾದ ಕೇಳುವುದೆಂದು ಗಂಡ ಹೇಳಿದ್ದಾರೆ. ಕೊನೆಯಲ್ಲಿ, "ಹೂವು ನೀನೇ ತರಬೇಕು" ಎಂದು ಬರೆದು ಅಡಿಗೆರೆ ಎಳೆದಿದ್ದಳು.

ಓದಿದ ಕೂಡಲೇ ತೀರ್ಮಾನಿಸಿದೆ. ಅವತ್ತು ಗೊತ್ತಿಲ್ಲದೆ ಮಾಡಿದ್ದನ್ನು ಈ ಸಲ ಗೊತ್ತಿದ್ದೇ ಮಾಡುತ್ತೇನೆ. ಒಡೆಯದ ಎರಡು ಹಿಂಗಾರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಂಚಿಕೇರಿಯ ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಅಲ್ಲಿಯ ದೇವಸ್ಥಾನದ ಬಾವಿಕಟ್ಟೆಯ ಮೇಲೆ ಕೂತು ಎರಡು ದೊನ್ನೆ ಮಾಡಿದೆ. ಬಲ ಎಂದರೆ ಬಾಲವಾಡಿ, ಹಾಗಾಗಿ ಈ ಸಲ ನೀರು ಎಡದ ದೊನ್ನೆಗೆ. ಒಂದೊಂದೇ ಎಸಳು ತೋಯುವಂತೆ ಚಿಮುಕಿಸಿದೆ. ಊರಿಗೆಲ್ಲ ಹೇಳುತ್ತಿದ್ದ ನನ್ನದೇ ನಿಯಮವನ್ನು ಮುರಿದೆ.

ಭಾಗೀರಥಿ ಬಂದಳು. ಇಪ್ಪತ್ತಾರೇ ವರ್ಷ, ಕಿವಿಯ ಹತ್ತಿರ ಆಗಲೇ ಕೂದಲು ಬೆಳ್ಳಗಾಗಿತ್ತು. ಹರಿವಾಣವನ್ನು ನೋಡಿದಳು. ಎಡದ ದೊನ್ನೆಯಿಂದ ಒಂದು ಎಸಳು ಎತ್ತಿ ಬೆರಳ ತುದಿಗೆ ಅಂಟಿಸಿ, ಕೈ ತಿರುಗಿಸಿದಳು. ಅದು ಬೀಳಲಿಲ್ಲ.

"ಈ ಸಲ ಎಡದ್ದಕ್ಕೆ ಹಾಕಿದ್ದೆ, ಅಲ್ದಾ?"

"ಹೌದು ಭಾಗಮ್ಮ."

ಅವಳು ನಕ್ಕಳು. ಹೊಲಿಗೆ ಅಂಗಡಿಯಲ್ಲಿ ಪೇಟದ ಸುದ್ದಿಗೆ ನಕ್ಕಿದ್ದಳಲ್ಲ, ಹಾಗೇ ಗಟ್ಟಿಯಾಗಿ. ಆಮೇಲೆ ಎಡದ ದೊನ್ನೆಯನ್ನು ಬಲದ ದೊನ್ನೆಗೆ ಸುರಿದು, ಎರಡನ್ನೂ ಕೈಯಲ್ಲಿ ಕಲಸಿ, ಹರಿವಾಣ ಎತ್ತಿಕೊಂಡು ಒಳಗೆ ಹೋದಳು. ಇಲ್ಲೂ ನನಗೆ ಎಂದಿನ ಜಾಗ, ಹೊರಗಿನ ಮೆಟ್ಟಿಲು. ಕಿವಿ ಕೊಟ್ಟು ನಿಂತೆ. ಅವಳ ಗಂಡ, ಮನೆಯ ಹಿರಿಯರು ಒಳಗಿದ್ದರು. ಅರ್ಚಕರು, "ಎಂತ ಕೇಳಕು?" ಎಂದರು.

"ಆನು ಕೇಳಲೆ ಬಂದಿದ್ದಲ್ಲ, ಹೇಳಲೆ ಬಂದಿದ್ದು." ಅವಳ ದನಿ ಬಾವಿಕಟ್ಟೆಯವರೆಗೆ ಕೇಳುವಂತಿತ್ತು. "ಸೋಮವಾರದಿಂದ ಬಾಲವಾಡಿಗೆ ಹೋಪದು ಹೇಳಿ ದೇವರಿಗೆ ತಿಳಿಸಿ. ಹೂವು ಅವನ ಪಾದಕ್ಕೆ ಹಾಕಿ, ಮೈಗೆ ಹಚ್ಚಡಿ."

ಸ್ವಲ್ಪ ಹೊತ್ತಿಗೆ ಅರ್ಚಕರ ಗಂಟೆ ಕೇಳಿತು. ಅವಳ ಗಂಡ ಹೊರಗೆ ಬಂದು, ನನ್ನನ್ನು ಕಂಡು ಮುಖ ತಿರುಗಿಸಿ ಚಪ್ಪಲಿ ಹುಡುಕತೊಡಗಿದರು.

ಹಿಂದಿನಿಂದ ಭಾಗೀರಥಿ ಬಂದಳು. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಪ್ರಸಾದವೇ ಬ್ಯಾಡಾಗಿದ್ರೆ ನನ್ನ ಯಾಕೆ ಇಷ್ಟು ದೂರ ಕರೆಸಿದ್ರಿ?" ಎಂದು ಕೇಳಿದೆ.

"ಅವತ್ತು ಎಡಕ್ಕೆ ಆಗಿದ್ದನ್ನ ನಮ್ಮೂರ ಮೆಟ್ಲ ಮೇಲೆ ಕುಂತು ಕೇಳಿದವಳು ನೀನು," ಎಂದಳು. "ಇವತ್ತಿಂದೂ ನೀನೇ ಕೇಳವು ಹೇಳಿ ಕರೆಸಿದ್ದು."

ಸೋಮವಾರ ಅವಳು ಬಾಲವಾಡಿಗೆ ಹೋದಳು.